ನಮ್ಮ ಪಡಸಾಲೆಗೆ ವೇದಿಕೆ ಬೇಡ

ಎರಡನೇ ಶನಿವಾರದ ಓದುಗ ಗೆಳೆಯರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಗೆಳೆಯರೇ,

ಕಳೆದ ಎರಡನೇ ಶನಿವಾರ, ಚಹಾ ಕುಡಿದು ಇನ್ನೇನು ಹೊರಡಬೇಕು ಎನ್ನುವಾಗ ನೀವೊಂದು ಮಾತು ಎತ್ತಿದಿರಿ. ಬರುವ ವರ್ಷ ನಮ್ಮ ಕೂಟಕ್ಕೆ ಹತ್ತು ತುಂಬುತ್ತದೆ. ಇನ್ನಾದರೂ ಅದಕ್ಕೊಂದು ಹೆಸರಿಡೋಣ, ಸಂಘವೆಂದು ನೋಂದಣಿ ಮಾಡಿಸೋಣ, ಅಧ್ಯಕ್ಷರು ಕಾರ್ಯದರ್ಶಿಗಳು ಆಗಲಿ, ವರ್ಷಕ್ಕೊಮ್ಮೆ ಸಭಾಭವನ ಹಿಡಿದು, ದೊಡ್ಡವರನ್ನು ಕರೆದು ವಾರ್ಷಿಕೋತ್ಸವ ಮಾಡೋಣ, ಒಂದು ಪುಸ್ತಕ ಬಹುಮಾನವನ್ನೂ ಕೊಡೋಣ ಎಂದಿರಿ. ಪಡಸಾಲೆ ನಮ್ಮ ಮನೆಯದಾದ್ದರಿಂದ ಎಲ್ಲರೂ ನನ್ನ ಮುಖ ನೋಡಿದಿರಿ. ವಿಚಾರ ಮಾಡಿ ಹೇಳುತ್ತೇನೆ ಎಂದೆ. ಒಂದು ವಾರ ವಿಚಾರ ಮಾಡಿದೆ. ಬೇಡ ಎನ್ನುವುದೇ ನನ್ನ ಉತ್ತರ.

ಯಾಕೆ ಬೇಡ ಎಂಬುದನ್ನು ಎದುರಿಗೆ ಕೂತು ಹೇಳಹೊರಟರೆ ಅರ್ಧಕ್ಕೇ ನನ್ನ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರಿಕೆಗೆ ಕೊಡುವುದು ಯಾಕೆ ಎಂದು ನೀವು ಕೇಳಬಹುದು. ಯಾರದೋ ಮನೆಯ ಜಗುಲಿಯಲ್ಲೋ, ಗ್ರಂಥಾಲಯದ ಮೂಲೆಯಲ್ಲೋ, ಶಾಲೆಯ ಖಾಲಿ ಕೋಣೆಯಲ್ಲೋ ಪುಸ್ತಕ ಹಿಡಿದು ಕೂರುವ ನಮ್ಮಂಥ ಸಣ್ಣ ಗುಂಪುಗಳು ಕನ್ನಡದ ಊರುಗಳಲ್ಲಿ ಬೇರೆಯೂ ಇವೆ. ಒಂದಲ್ಲ ಒಂದು ದಿನ ಈ ಮಾತು ಅವರಲ್ಲೂ ಏಳುತ್ತದೆ. ಅವರಿಗೂ ಕೇಳಿಸಲಿ ಎಂದು.

ಮೂರು ವರ್ಷದ ಹಿಂದಿನ ಒಂದು ಶ್ರಾವಣದ ಸಂಜೆ ನಿಮಗೆ ನೆನಪಿರಬೇಕು. ಹೊರಗೆ ಜಿಟಿಜಿಟಿ ಮಳೆ, ಒಳಗೆ ಅನಂತಮೂರ್ತಿಯವರ ‘ಸಂಸ್ಕಾರ’. ಗಣಿತದ ಮಾಸ್ತರರು ಮಾತು ಶುರುಮಾಡಿದರು. ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವ ಅಧಿಕಾರ ಯಾರಿಗೆ, ಶಾಸ್ತ್ರ ಉತ್ತರ ಕೊಡದೆ ಸುಮ್ಮನಾದಾಗ ಮನುಷ್ಯ ಎಲ್ಲಿಗೆ ಹೋಗಬೇಕು, ಪ್ರಾಣೇಶಾಚಾರ್ಯರು ಓಡಿಹೋದದ್ದು ಹೇಡಿತನವೋ ಹುಡುಕಾಟವೋ ಎಂದು ಒಂದು ಗಂಟೆ ಅದೇ ನಡೆಯಿತು. ಕಾಲೇಜಿನ ಹುಡುಗ ಅಸ್ತಿತ್ವವಾದದ ಮಾತು ತಂದ. ಕಾಮೂ ಬಂದ, ಸಾರ್ತ್ರ್ ಬಂದ. ಬಾಗಿಲ ಪಕ್ಕ ಕೂತಿದ್ದ ನರ್ಸ್ ಅಕ್ಕಾರು ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಆ ದಿನವಷ್ಟೇ ಅಲ್ಲ, ಎರಡು ವರ್ಷದಿಂದ ಬರುತ್ತಿದ್ದರೂ ಅವರು ಪುಸ್ತಕದ ಬಗ್ಗೆ ಒಂದು ಮಾತೂ ಆಡಿದವರಲ್ಲ. ಅವತ್ತು ಚಹಾದ ಲೋಟ ಕೆಳಗಿಟ್ಟು ಮೆಲ್ಲಗೆ ಕೇಳಿದರು: “ಒಂದ್ ಮಾತು ಕೇಳ್ಲೇನ್ರಿ? ಆ ಹೆಣಾ ಸುಟ್ಟ ಹೋಗೇತಲ್ರಿ. ಚಂದ್ರಿ ರಾತ್ರೋರಾತ್ರಿ ಅಹಮದ ಬ್ಯಾರೀನ ಕರಕೊಂಡ ಸುಟ್ಟಾಳ. ಇವರೆಲ್ಲಾ ಯಾವ ಹೆಣದ ಸಲವಾಗಿ ವಾದಾ ಮಾಡಾಕತ್ತಾರ್ರಿ?”

ಎಲ್ಲರೂ ಪುಟ ತಿರುವಿದೆವು. ಹೌದು, ಅಲ್ಲೇ ಇತ್ತು. ನಾನು ಆ ಕಾದಂಬರಿಯನ್ನು ಅಷ್ಟರಲ್ಲಿ ನಾಲ್ಕು ಸಲ ಓದಿದ್ದೆ. ಚಂದ್ರಿ ಹೆಣಕ್ಕೆ ಬೆಂಕಿ ಕೊಡಿಸಿದಳೆಂಬುದು ನನಗೆ ಕಥೆಯ ಒಂದು ಸಂಗತಿಯಾಗಿ ಗೊತ್ತಿತ್ತು. ಆದರೆ ಆ ಬೆಂಕಿ ಆರಿದ ಮೇಲೂ ಅಗ್ರಹಾರದ ವಾದ ಆರಲಿಲ್ಲ ಎಂಬುದು, ಕೆಲಸ ಮುಗಿದುಹೋಗಿದೆ ಎಂದು ಓದುಗನಿಗೆ ತಿಳಿದೂ ಆಚಾರ್ಯರಿಗೆ ತಿಳಿಯದೆ ಇರುವುದರ ಮೇಲೆಯೇ ಇಡೀ ಕಾದಂಬರಿ ನಿಂತಿದೆ ಎಂಬುದು ನನಗೆ ಹೊಳೆದಿರಲಿಲ್ಲ. ಅಕ್ಕಾರು ಮತ್ತೊಂದು ಮಾತು ಹೇಳಿದರು: “ಸತ್ತವರ ಮೈ ತೊಳದಾಕಿರಿ ನಾನು. ಹೆಣ ಕಾಯಂಗಿಲ್ರಿ. ಯಾರರ ಒಬ್ಬರು ಕೈ ಹಚ್ಚಬೇಕು. ಅಕಿ ಹಚ್ಚಿದ್ಲು.” ಆಮೇಲೆ ಮಾಸ್ತರರು ಬಹಳ ಹೊತ್ತು ಮಾತಾಡಲಿಲ್ಲ. ಕಾಮೂ ಎಂದಿದ್ದ ಹುಡುಗ ಆ ಎರಡು ಪುಟಗಳನ್ನು ಮತ್ತೆ ಗಟ್ಟಿಯಾಗಿ ಓದಿದ. ಮಾಡಬೇಕಾದ ಕೆಲಸ ಒಬ್ಬಳ ಪಾಲಿಗೆ, ಅದರ ಕುರಿತ ಸಂಕಟವೆಲ್ಲ ಇನ್ನೊಬ್ಬನ ಪಾಲಿಗೆ ಯಾಕೆ ಬಂತು ಎಂದು ರಾತ್ರಿ ಎಂಟರವರೆಗೆ ಕೂತೆವು. ಅಂಥ ದರ್ಶನಶಾಸ್ತ್ರದ ಪಾಠ ನನಗೆ ಯಾವ ತರಗತಿಯಲ್ಲೂ ಸಿಕ್ಕಿರಲಿಲ್ಲ.

ಈಗ ಇನ್ನೊಂದು ಸಂಜೆ. ಹೋದ ವರ್ಷ ಊರಿನ ಒಂದು ಸಭಾಭವನದಲ್ಲಿ ಕಾದಂಬರಿಯೊಂದರ ಮೇಲೆ ಸಂವಾದವಿತ್ತು. ನಾವು ಆರು ಮಂದಿ ಹೋಗಿದ್ದೆವು. ಮುಖ್ಯ ಅತಿಥಿಗಳು ಬರುವುದು ಮುಕ್ಕಾಲು ಗಂಟೆ ತಡವಾಯಿತು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ಶಾಲು, ಹಾರ, ನೆನಪಿನ ಕಾಣಿಕೆ ಎಲ್ಲ ಆದವು. ಮೂವರು ಮಾತಾಡಿದರು, ಮೂವರೂ ಓದಿಕೊಂಡವರೇ. ಲೇಖಕರು ಎದುರಿಗೇ ಕೂತಿದ್ದರು. ಆದರೆ ಆ ಎರಡೂವರೆ ಗಂಟೆಯಲ್ಲಿ ವೇದಿಕೆಯ ಮೇಲೆ ಯಾರೂ ಆ ಕಾದಂಬರಿಯನ್ನು ತೆರೆಯಲಿಲ್ಲ. ಅದು ಹೂವಿನ ತಟ್ಟೆಯ ಪಕ್ಕ ಮುಚ್ಚಿಕೊಂಡೇ ಇತ್ತು. ಕೊನೆಗೆ ಸಭಿಕರ ಪ್ರಶ್ನೆಗಳಿಗೆ ಹತ್ತು ನಿಮಿಷ ಎಂದರು. ನರ್ಸ್ ಅಕ್ಕಾರ ಕೈಯಲ್ಲಿ ಒಂದು ಚೀಟಿ ಇತ್ತು, ಮೂರು ಪುಟಸಂಖ್ಯೆ ಬರೆದುಕೊಂಡು ಬಂದಿದ್ದರು. ಅವರು ಏಳಲಿಲ್ಲ. ಮರಳಿ ಬರುವಾಗ ಸಿಟಿ ಬಸ್ಸಿನಲ್ಲಿ ಕೇಳಿದೆ, ಯಾಕೆ ಅಕ್ಕಾರ ಎಂದು. “ಅಲ್ಲಿ ಏನ್ ಕೇಳೋದ್ರಿ, ಎಲ್ಲಾರೂ ಎಲ್ಲಾ ಹೇಳಿ ಮುಗಿಸಿದ್ರಲ್ಲ” ಎಂದರು. ಆ ಚೀಟಿಯನ್ನು ನಾನು ಇಸಿದುಕೊಂಡು ಇಟ್ಟಿದ್ದೇನೆ.

ಅಲ್ಲಿ ಯಾರ ತಪ್ಪೂ ಇರಲಿಲ್ಲ. ಮಾತಾಡಿದವರು ಶ್ರದ್ಧೆಯಿಂದಲೇ ಮಾತಾಡಿದರು. ವೇದಿಕೆಯ ಗುಣವೇ ಹಾಗೆ. ಎತ್ತರದಲ್ಲಿ ಕೂತವರಿಗೆ ಗೊತ್ತಿಲ್ಲ ಎನ್ನಲು ಬಾಯಿ ಬರುವುದಿಲ್ಲ, ಕೆಳಗೆ ಕೂತವರಿಗೆ ಗೊತ್ತು ಎನ್ನಲು ಧೈರ್ಯ ಬರುವುದಿಲ್ಲ. ಪುಸ್ತಕದ ಮಾತಿಗೆ ಈ ಎರಡೂ ಬೇಕು.

ಹೆಸರಿಲ್ಲದ, ದಫ್ತರವಿಲ್ಲದ ಗುಂಪಿನಿಂದ ಏನಾಗುತ್ತದೆ ಎಂದು ನಿಮ್ಮಲ್ಲೊಬ್ಬರು ಕೇಳಿದಿರಿ. ಈ ಪ್ರಶ್ನೆಗೆ ಉತ್ತರ ನಮ್ಮ ಸೀಮೆಯಲ್ಲೇ ಇದೆ. ವಿಜಯಪುರ ಜಿಲ್ಲೆಯ ಹಲಸಂಗಿ ಎಂಬ ಹಳ್ಳಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತು ಅವರ ಜೊತೆಯವರು ಕೂಡುತ್ತಿದ್ದರು. ಅರವಿಂದರ ಯೋಗದಿಂದ ಹಿಡಿದು ಬೀಸುಕಲ್ಲಿನ ಪದದವರೆಗೆ ಅವರ ಮಾತು ಹರಿಯುತ್ತಿತ್ತು. ತಮ್ಮ ಮನೆಯ, ಓಣಿಯ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳು ಕಾವ್ಯ ಎಂದು ಅವರು ಗುರುತಿಸಿದರು, ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಪುಸ್ತಕವಾಗಿ ಬಂತು. ಕನ್ನಡ ಜಾನಪದದ ಓದು ಆ ಪುಸ್ತಕಕ್ಕೆ ಎಷ್ಟು ಋಣಿ ಎಂಬುದು ನಿಮಗೆ ಗೊತ್ತು. ಅವರನ್ನು ನಾಡು ಇವತ್ತಿಗೂ ಕರೆಯುವುದು ‘ಹಲಸಂಗಿ ಗೆಳೆಯರು’ ಎಂದೇ. ನಮ್ಮ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಕೂಡಿದ್ದೂ ‘ಗೆಳೆಯರ ಗುಂಪು’. ಗೆಳೆತನವನ್ನೇ ಹೆಸರಾಗಿ ಇಟ್ಟುಕೊಂಡ ಗುಂಪುಗಳು ಇವು. ಆ ಪದವನ್ನು ಅವರು ಹಗುರವಾಗಿ ಬಳಸಿದವರಲ್ಲ.

ಸುಭಾಸ ರಸ್ತೆಯ ಅಟ್ಟದ ಮಾತು ಬೇರೆ ಹೇಳಬೇಕೇ? ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಮನೋಹರ ಗ್ರಂಥಮಾಲೆಯ ಆ ಅಟ್ಟದ ಮೇಲೆ ಕೀರ್ತಿನಾಥ ಕುರ್ತಕೋಟಿಯವರು, ಗಿರೀಶ ಕಾರ್ನಾಡರು ಕೂತು ಆಡಿದ ಮಾತುಗಳಿಗೆ ವರದಿ ಇಲ್ಲ, ಠರಾವು ಇಲ್ಲ. ಪುಸ್ತಕಗಳು ಮಾತ್ರ ಇವೆ. ‘ಸಂಸ್ಕಾರ’ವೂ 1965ರಲ್ಲಿ ಹೊರಬಂದದ್ದು ಅದೇ ಗ್ರಂಥಮಾಲೆಯಿಂದ. ಆ ಕಾದಂಬರಿ ಹುಟ್ಟಿದ ಬಗೆಯನ್ನು ಅನಂತಮೂರ್ತಿಯವರು ಹಲವು ಸಲ ಹೇಳಿಕೊಂಡಿದ್ದಾರೆ. ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ತಮ್ಮ ಮಾರ್ಗದರ್ಶಕ, ಕಾದಂಬರಿಕಾರ ಮಾಲ್ಕಮ್ ಬ್ರಾಡ್‌ಬರಿಯ ಜೊತೆ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಸಿನಿಮಾಕ್ಕೆ ಹೋದರು. ಅಡಿಬರಹಗಳಿರಲಿಲ್ಲ, ಅರ್ಥವಾದದ್ದು ಅಷ್ಟಕ್ಕಷ್ಟೇ. ಹೊರಗೆ ಬಂದಮೇಲೆ ಇಬ್ಬರೂ ಮಾತಾಡಿದರು. ಯುರೋಪಿನವನಿಗೆ ಮಧ್ಯಯುಗವನ್ನು ಓದಿನಿಂದ ಕಟ್ಟಿಕೊಳ್ಳಬೇಕಾಗುತ್ತದೆ, ನಮ್ಮಲ್ಲಿ ಅದು ಇನ್ನೂ ಬದುಕಿನ ಭಾಗವಾಗಿಯೇ ಇದೆ ಎಂಬ ಧಾಟಿಯಲ್ಲಿ ಇವರು ಹೇಳಿದ್ದಕ್ಕೆ, ಹಾಗಾದರೆ ಅದನ್ನೇ ಬರೆ ಎಂದು ಗುರು ಹುರಿದುಂಬಿಸಿದರು. ಸಿನಿಮಾ ಬಿಟ್ಟ ಮೇಲಿನ ಒಂದು ಮಾತುಕತೆ ಅದು. ಕಾರ್ನಾಡರೂ ‘ಹಯವದನ’ದ ಬಗ್ಗೆ ಬರೆದಿದ್ದಾರೆ. ಮುಖವಾಡ, ರಂಗಸಂಗೀತ ಇವುಗಳ ಕುರಿತು ಬಿ.ವಿ. ಕಾರಂತರ ಜೊತೆ ವಾದ ನಡೆದಿದ್ದಾಗ, ಅದರ ನಡುವೆಯೇ ಆ ನಾಟಕ ತಲೆಯಲ್ಲಿ ರೂಪು ತಳೆಯತೊಡಗಿತಂತೆ. ನಮ್ಮ ಪಡಸಾಲೆಯಲ್ಲಿ ‘ಹಯವದನ’ ಹುಟ್ಟಬೇಕೆಂದು ನಾನು ಹೇಳುತ್ತಿಲ್ಲ. ಬರೆಯುವವರಿಗೂ ಓದುವವರಿಗೂ ಇಂಥ ಬಿಡುವಿನ ಮಾತೇ ಉಣಿಸು ಎನ್ನುತ್ತಿದ್ದೇನೆ.

ಇನ್ನೂ ಹಿಂದಕ್ಕೆ ಹೋದರೆ ‘ಶೂನ್ಯಸಂಪಾದನೆ’ ಇದೆ. ಹದಿನೈದನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಶರಣರ ಬಿಡಿ ವಚನಗಳನ್ನು ಒಟ್ಟುಗೂಡಿಸಿದಾಗ ಅವನ್ನು ವಿಷಯವಾರು ವಿಂಗಡಿಸಬಹುದಿತ್ತು. ಅವನು ಹಾಗೆ ಮಾಡದೆ ಅವೆಲ್ಲವನ್ನೂ ಸಂಭಾಷಣೆಯಾಗಿ ಜೋಡಿಸಿದ. ಒಬ್ಬರು ಕೇಳುತ್ತಾರೆ, ಒಬ್ಬರು ಹೇಳುತ್ತಾರೆ, ಹೇಳಿದ್ದನ್ನು ಮತ್ತೊಬ್ಬರು ಒರೆಗೆ ಹಚ್ಚುತ್ತಾರೆ. ಕನ್ನಡದ ಬಹುದೊಡ್ಡ ತತ್ತ್ವಗ್ರಂಥವೊಂದರ ರೂಪವೇ ಮಾತುಕತೆ. ಅಲ್ಲಿ ಅಲ್ಲಮನ ಎದುರು ಅಕ್ಕಮಹಾದೇವಿ ನಿಲ್ಲುವುದನ್ನು ನಾವು ಒಂದು ಸಂಜೆಯಿಡೀ ಓದಿದ್ದೆವು. ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಪ್ರಸಂಗ. ಮಾರಯ್ಯ ಪ್ರಭುದೇವರ ಜೊತೆ ತತ್ತ್ವ ಮಾತಾಡುತ್ತ ಮೈಮರೆತಾಗ, ಕಾಯಕಕ್ಕೆ ಹೊತ್ತಾಯಿತೆಂದು ಬಂದು ಎಚ್ಚರಿಸಿದವಳು ಹೆಂಡತಿ. ಅವನು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದರೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದವಳೂ ಅವಳೇ. ಅವಳ ಆ ಎಚ್ಚರವೂ ತತ್ತ್ವವೇ ಎಂದು ಆ ಗ್ರಂಥ ಒಪ್ಪಿಕೊಂಡಿದೆ. ಅಂಬಿಗ, ಮಡಿವಾಳ, ಹಗ್ಗ ಹೊಸೆಯುವವನು, ಅಕ್ಕಿ ಆಯುವವಳು ಕೂತ ಕೂಟದಲ್ಲಿ ಯಾರ ಬಾಳಿನ ಕಸುಬೂ ಮಾತಿನಿಂದ ಹೊರಗಿರಲಿಲ್ಲ. ನಮ್ಮ ನರ್ಸ್ ಅಕ್ಕಾರು ಚಂದ್ರಿಯನ್ನು ಕಂಡದ್ದೂ ಕಸುಬಿನ ಕಣ್ಣಿನಿಂದಲೇ.

ಸಂಘಗಳ ಬಗ್ಗೆ ನನಗೆ ಅಗೌರವವಿಲ್ಲ. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟದೇ ಹೋಗಿದ್ದರೆ ಈ ಊರಿನಲ್ಲಿ ಕನ್ನಡದ ಗತಿ ಏನಾಗುತ್ತಿತ್ತೋ. ಹೆಗ್ಗೋಡಿನ ನೀನಾಸಂ ಕೂಡ ಸಂಸ್ಥೆಯೇ, 1949ರಿಂದ ಇದೆ. ಅಲ್ಲಿನ ಸಂಸ್ಕೃತಿ ಶಿಬಿರಕ್ಕೆ ನಮ್ಮಲ್ಲಿ ನಾಲ್ವರು ಹೋಗಿಬಂದಿದ್ದೀರಿ. ರಾತ್ರಿ ನೋಡಿದ ನಾಟಕದ ಬಗ್ಗೆ ಬೆಳಿಗ್ಗೆ ಎಲ್ಲರೂ ಕೂತು ಮಾತಾಡುವ ಗೋಷ್ಠಿಯೇ ಅಲ್ಲಿ ನಿಮಗೆ ಹೆಚ್ಚು ಹಿಡಿಸಿದ್ದು ಎಂದು ಬಂದು ಹೇಳಿದವರು ನೀವೇ. ಕೆ.ವಿ. ಸುಬ್ಬಣ್ಣನವರು ಸಂಸ್ಥೆ ಕಟ್ಟಿಯೂ ಜಗುಲಿಯನ್ನು ಉಳಿಸಿಕೊಂಡರು. ಅದಕ್ಕೆ ಒಂದು ಇಡೀ ಜೀವಮಾನ ಬೇಕಾಯಿತು. ತಿಂಗಳಿಗೆ ಒಂದು ಸಂಜೆ ಬಿಡುವು ಮಾಡಿಕೊಳ್ಳುವ ನಾವು ಸಂಘ ಕಟ್ಟಿದರೆ ಆ ಒಂದು ಸಂಜೆಯನ್ನು ಸಂಘವೇ ನುಂಗುತ್ತದೆ. ಲೆಕ್ಕಪತ್ರ, ನವೀಕರಣ, ಯಾರನ್ನು ಕರೆಯುವುದು, ಯಾರನ್ನು ಬಿಟ್ಟರೆ ಬೇಸರ ಎಂಬುದರಲ್ಲೇ ಏಳು ಗಂಟೆ ಆಗುತ್ತದೆ. ನಾನು ಮೂವತ್ತೈದು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದವಳು, ಇದು ನನಗೆ ಚೆನ್ನಾಗಿ ಗೊತ್ತು.

ಬಹುಮಾನದ ಮಾತಂತೂ ಖಂಡಿತ ಬೇಡ. ನಿಮ್ಮಲ್ಲಿ ಕೆಲವರು ಬರೆಯುವವರೂ ಇದ್ದೀರಿ. ದರ್ಜಿ ಅಣ್ಣನವರು ತಮ್ಮ ಮೊದಲ ಕಥೆಯನ್ನು ಓದಿದ ದಿನ ನೆನಪು ಮಾಡಿಕೊಳ್ಳಿ. ಕೈಯಲ್ಲಿ ಹಾಳೆ ನಡುಗುತ್ತಿತ್ತು. ಓದಿ ಮುಗಿಸಿದ ಮೇಲೆ ಎಲ್ಲರೂ “ಛೊಲೋ ಐತ್ರಿ” ಎಂದು ಸುಮ್ಮನಾದೆವು. ಆ ಒಂದು ಮಾತಿನಿಂದ ಬರೆಯುವವನಿಗೆ ಏನೂ ದಕ್ಕುವುದಿಲ್ಲ. ಆಗ ಕಾಲೇಜಿನ ಹುಡುಗ ಹೇಳಿದ: “ಅಣ್ಣಾರ, ಮುದುಕಿ ಮಾತಾಡೋದು ನಿಮ್ಮ ಅಂಗಡ್ಯಾಗ ಬರೋ ಮುದುಕೀರ ಮಾತಲ್ರಿ, ಪಾಠದ ಪುಸ್ತಕದ ಮಾತು.” ಅಣ್ಣನವರ ಮುಖ ಸಣ್ಣದಾಯಿತು. ಆಮೇಲೆ ಎರಡು ತಿಂಗಳು ಅವರು ಬರಲಿಲ್ಲ, ನಮಗೆ ಕಳವಳವಾಗಿತ್ತು. ಮೂರನೇ ತಿಂಗಳು ಅದೇ ಕಥೆ ತಂದರು. ಮುದುಕಿ ಈಗ ಲಂಗಕ್ಕೆ ಒಳಮಡಿಕೆ ಬಿಡಿಸುತ್ತಾ ಮೊಮ್ಮಗಳ ಮದುವೆ ಮುರಿದ ಸುದ್ದಿ ಹೇಳುತ್ತಿದ್ದಳು, ಅರ್ಧ ಹೇಳಿ ಅರ್ಧ ನುಂಗಿಕೊಳ್ಳುತ್ತಿದ್ದಳು. ಕೇಳುತ್ತ ನರ್ಸ್ ಅಕ್ಕಾರು ಕಣ್ಣು ಒರೆಸಿಕೊಂಡರು. ನಾವು ಬಹುಮಾನ ಕೊಡುವವರಾಗಿದ್ದರೆ ಆ ಹುಡುಗ ಆ ಮಾತು ಹೇಳುತ್ತಿದ್ದನೇ? ಅಣ್ಣನವರು ಅದನ್ನು ಸಹಿಸುತ್ತಿದ್ದರೇ? ಒಬ್ಬ ಸ್ಪರ್ಧಿ, ಒಬ್ಬ ತೀರ್ಪುಗಾರ ಎಂದಾದ ಕೂಡಲೇ ಇಬ್ಬರ ನಡುವೆ ಇದ್ದ ಪ್ರೀತಿಗೆ ಬೇರೆಯೇ ಅರ್ಥ ಬಂದುಬಿಡುತ್ತದೆ.

ನಮ್ಮ ಕೂಟದಲ್ಲಿ ಎಲ್ಲವೂ ಚೆಂದ ನಡೆದಿದೆ ಎಂದು ನಾನು ಹೇಳಲಾರೆ. ಭೈರಪ್ಪನವರ ‘ಆವರಣ’ ಇಟ್ಟುಕೊಂಡ ಸಂಜೆ ಏನಾಯಿತು ಎಂಬುದು ನನ್ನನ್ನು ಇವತ್ತಿಗೂ ನೋಯಿಸುತ್ತದೆ. ಆ ಕಾದಂಬರಿ 2007ರಲ್ಲಿ ಬಂದಾಗಲೇ ಕನ್ನಡದ ಓದುಗರು ಎರಡು ಪಾಲಾಗಿದ್ದರು. ನಾವು ಅದನ್ನು ಓದಬಾರದು ಎಂದವರೂ ಇದ್ದಿರಿ, ಓದಲೇಬೇಕು ಎಂದವರೂ ಇದ್ದಿರಿ. ಓದಿದೆವು, ಸರಿಯಾಗಿಯೇ ಶುರುವಾಯಿತು. ಕಾದಂಬರಿಯೊಳಗೆ ಇನ್ನೊಂದು ಕಾದಂಬರಿ ಬರೆಯುವ ತಂತ್ರ ಎಷ್ಟರಮಟ್ಟಿಗೆ ನಿಂತಿದೆ, ಇತಿಹಾಸದ ಆಕರಗಳು ಪಾತ್ರದ ಬಾಯಿಂದ ಬಂದಾಗ ಪಾತ್ರ ಉಳಿಯುತ್ತದೋ ಇಲ್ಲವೋ ಎಂಬ ಮಾತು ನಡೆದಿತ್ತು. ಆಮೇಲೆ ನಾನೇ ಒಬ್ಬರಿಗೆ, ನಿಮಗೆ ಈ ಪುಸ್ತಕ ಹಿಡಿಸಿದ್ದು ಯಾಕೆ ಎಂದು ನನಗೆ ಗೊತ್ತು ಎಂದುಬಿಟ್ಟೆ. ಪುಸ್ತಕವನ್ನು ಬಿಟ್ಟು ಮನುಷ್ಯನನ್ನು ಓದಲು ಹೊರಟೆ. ಅವರು ಎದ್ದು ಹೋದರು, ಅವರ ಜೊತೆ ಇನ್ನೊಬ್ಬರೂ ಹೋದರು. ಒಬ್ಬರ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿ ಕರೆದುಕೊಂಡು ಬಂದೆ. ಇನ್ನೊಬ್ಬರು ಬರಲಿಲ್ಲ. ಅವರು ಈ ಪತ್ರ ಓದಿದರೆ ತಿಳಿಯಲಿ: ಕಿಟಕಿಯ ಪಕ್ಕದ ನಿಮ್ಮ ಜಾಗದಲ್ಲಿ ನಾವು ಯಾರನ್ನೂ ಕೂರಿಸಿಲ್ಲ.

ಸಂಘವಿದ್ದಿದ್ದರೆ ಇಂಥದು ಆಗುತ್ತಿರಲಿಲ್ಲ, ನಿಯಮ ಇರುತ್ತಿತ್ತು ಎಂದು ಒಬ್ಬರು ಹೇಳಿದಿರಿ. ನಿಜ, ಆಗುತ್ತಿರಲಿಲ್ಲ. ಸಂಘವಾಗಿದ್ದರೆ ನಾವು ಆ ಪುಸ್ತಕವನ್ನೇ ಇಟ್ಟುಕೊಳ್ಳುತ್ತಿರಲಿಲ್ಲ. ಕಾರ್ಯಕಾರಿ ಸಮಿತಿಯಲ್ಲಿ ಯಾರಾದರೂ, ವಿವಾದ ಯಾಕೆ ಬೇಕು ಎನ್ನುತ್ತಿದ್ದರು. ಜಗಳವಾಡಿದ ಮೇಲೆ ಒಬ್ಬರ ಮನೆ ಬಾಗಿಲಿಗೆ ಹೋಗಿ ನಿಲ್ಲುವ ಹಕ್ಕು ನನಗೆ ಗೆಳೆತನದಿಂದ ಬಂತು. ಯಾವ ನಿಯಮಾವಳಿಯೂ ಅದನ್ನು ಕೊಡುವುದಿಲ್ಲ.

ಪುಸ್ತಕವನ್ನು ತೆರೆದಿಟ್ಟುಕೊಂಡೇ ಮಾತಾಡುವುದು, ತಿಳಿಯದ ಕಡೆ ಗಟ್ಟಿಯಾಗಿ ಓದುವುದು, ಇವೆರಡೇ ನಮಗೆ ಸಾಕು. ದೇವನೂರ ಮಹಾದೇವರ ‘ಕುಸುಮಬಾಲೆ’ ಓದಲು ಹೋಗಿ ನಾವು ಧಾರವಾಡದವರು ಮೊದಲ ಪುಟದಲ್ಲೇ ಕೂತುಬಿಟ್ಟಿದ್ದೆವಲ್ಲ. ಆಗ ನಂಜನಗೂಡಿನ ಕಡೆಯಿಂದ ವರ್ಗವಾಗಿ ಬಂದಿದ್ದ ತಮ್ಮನವರು ಪುಸ್ತಕ ಇಸಿದುಕೊಂಡು ಓದತೊಡಗಿದರು. ಅವರ ಊರಿನ ಮಾತು, ಅವರ ಅವ್ವನ ಏರಿಳಿತ. ಕಣ್ಣಿಗೆ ಕಗ್ಗಂಟಾಗಿದ್ದದ್ದು ಕಿವಿಗೆ ಸಲೀಸಾಯಿತು. ಇದಕ್ಕೆ ನಿಮ್ಮ ಕಡೆ ಏನಂತೀರಿ ಎಂದು ಅವರು ಕೇಳುವುದು, ನಾವು ನಮ್ಮ ಪದ ಹೇಳುವುದು, ಹೀಗೆ ಆ ದಿನ ನಾಲ್ಕೇ ಪುಟ ಮುಗಿದವು. ಆ ಪುಸ್ತಕಕ್ಕೆ ನಾವು ಐದು ತಿಂಗಳು ಕೊಟ್ಟೆವು. ಮೈಕು ಹಿಡಿದವರು ಯಾರು ಒಂದು ಪುಸ್ತಕಕ್ಕೆ ಐದು ತಿಂಗಳು ಕೊಟ್ಟಾರು?

ಹತ್ತು ವರ್ಷ ತುಂಬುವುದಕ್ಕೆ ಏನಾದರೂ ಮಾಡಲೇಬೇಕೆಂದರೆ ನನ್ನದೊಂದು ಕೇಳಿಕೆ ಇದೆ. ಪ್ರತಿ ಸಲ ಮಾತು ಮುಗಿದ ಮೇಲೆ, ಅವತ್ತು ಯಾವ ಪುಟದ ಬಗ್ಗೆ ಯಾರು ಏನು ಕೇಳಿದರು ಎಂದು ಒಬ್ಬರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಉತ್ತರ ಬೇಡ, ಪ್ರಶ್ನೆ ಮಾತ್ರ. ಇನ್ನೂರು ಪುಟದ ನೋಟ್‌ಬುಕ್ಕನ್ನು ನಾನು ತಂದಿಟ್ಟಿದ್ದೇನೆ. ಮೊದಲ ಪುಟದಲ್ಲಿ ಚಂದ್ರಿಯ ಪ್ರಶ್ನೆಯನ್ನು ಬರೆದಿದ್ದೇನೆ. ಎರಡನೇ ಪುಟಕ್ಕೆ, ಸಭಾಭವನದಲ್ಲಿ ಕೇಳದೇ ಉಳಿದ ಆ ಚೀಟಿಯನ್ನು ಅಂಟಿಸಿದ್ದೇನೆ. ನರ್ಸ್ ಅಕ್ಕಾರು ಇದಕ್ಕೆ ಬೇಸರಪಡಲಿಕ್ಕಿಲ್ಲ ಎಂದುಕೊಂಡಿದ್ದೇನೆ.

ಬರುವ ಎರಡನೇ ಶನಿವಾರಕ್ಕೆ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಎಂದು ಮಾತಾಗಿತ್ತು. ದೇವರಿದ್ದಾನೋ ಇಲ್ಲವೋ ಎಂಬ ಕಡೆಗೆ ಮಾಸ್ತರರು ಹೋಗುವುದು ಖಂಡಿತ, ಹೋಗಲಿ. ಅದಕ್ಕೂ ಮೊದಲು, ಅಜ್ಜಿ ಹಳೆಯ ವಸ್ತುವನ್ನು ಅಂಗೈಯಲ್ಲಿ ಹಿಡಿದಾಗ ಅವಳಿಗೆ ಕಾಣುವುದೇನು ಎಂಬ ಮೊದಮೊದಲ ಪುಟಗಳನ್ನು ದರ್ಜಿ ಅಣ್ಣನವರು ಓದಲಿ ಎಂದು ನನ್ನ ಆಸೆ. ನಾಲ್ಕೂವರೆಗೆ ಬನ್ನಿ. ಚುರುಮುರಿ ನಾನು ತರಿಸುತ್ತೇನೆ. ಪಡಸಾಲೆಯ ಮೂಲೆಯ ದೀಪ ಕೆಟ್ಟು ಎರಡು ತಿಂಗಳಿಂದ ಆ ಕಡೆ ಕೂತವರಿಗೆ ಅಕ್ಷರ ಕಾಣುತ್ತಿರಲಿಲ್ಲ, ನಿನ್ನೆ ಹೊಸದನ್ನು ಹಾಕಿಸಿದ್ದೇನೆ.

ನಿಮ್ಮ,
ಪಡಸಾಲೆಯ ಅಕ್ಕ